ಇನ್ನೂರು ಕೋಟಿನೇ ಸೆಕೆಂಡಿನ ಕೋಡ್

ಏಜಿಸ್ ಆ್ಯಪ್‌ನ ಪರದೆಯ ಮೇಲೆ ಕೊನೆಗೂ 90698825 ಎಂಬ ಎಂಟು ಅಂಕಿಗಳು ಮೂಡಿದವು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ಎರಡು ಹಂತದ ಲಾಗಿನ್‌ಗೆ, ಗುಪ್ತ ಕೀಲಿ ಮತ್ತು ಗಡಿಯಾರದ ಸಮಯದಿಂದ ಆ ಕೋಡನ್ನು ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಆರಿಸಲು ನಾನು ಇಟ್ಟುಕೊಂಡದ್ದು ಎರಡೇ ಒರೆಗಲ್ಲು: ಕೀಲಿಯನ್ನು ಹೊತ್ತು ತರುವ ಕ್ಯೂಆರ್ ಕೋಡ್‌ನಲ್ಲಿ ಬರೆದಿರುವುದನ್ನು ಆ್ಯಪ್ ಅಕ್ಷರಶಃ ಪಾಲಿಸಬೇಕು, ಒಳಗೆ ಹೋದ ಗುಪ್ತ ಕೀಲಿ ಕೇಳಿದಾಗ ಹೊರಗೆ ಬರಬೇಕು.

ಎರಡನೆಯದರಲ್ಲೇ ಹಲವು ಆ್ಯಪ್‌ಗಳು ಬಿದ್ದುಹೋದವು. ಆಥಿ ಎಂಬ ಆ್ಯಪ್‌ನ ಡೆಸ್ಕ್‌ಟಾಪ್ ಆವೃತ್ತಿ 2024ರ ಮಾರ್ಚ್‌ನಲ್ಲಿ ನಿಂತಾಗ, ಕೀಲಿಗಳನ್ನು ಹೊರತೆಗೆಯುವ ಅಧಿಕೃತ ದಾರಿಯೇ ಇಲ್ಲದ ಕಾರಣ, ಬೇರೆ ಆ್ಯಪ್‌ಗೆ ಹೋಗಬಯಸಿದವರು ಖಾತೆಖಾತೆಗೂ ಹೊಸದಾಗಿ ನೋಂದಾಯಿಸಬೇಕಾಯಿತು. ಗೂಗಲ್ ಅಥೆಂಟಿಕೇಟರ್‌ಗೆ 2023ರ ಏಪ್ರಿಲ್‌ನಲ್ಲಿ ಬಂದ ಖಾತೆ ಬ್ಯಾಕಪ್‌ಗೆ ಆರಂಭದಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ಕಂಪನಿಗೂ ಓದಲಾಗದಂಥ ಬೀಗ, ಇರಲಿಲ್ಲ. ಉಳಿದವುಗಳಲ್ಲಿ ನನಗೆ ಹಿಡಿಸಿದ್ದು ಏಜಿಸ್ ಮತ್ತು 2ಎಫ್‌ಎಎಸ್. ಎರಡರ ಮೂಲ ಸಂಕೇತವೂ ಮುಕ್ತವಾಗಿದೆ.

ನನ್ನನ್ನು ನಿಜವಾಗಿ ಕಾಡಿದ್ದು ಮೊದಲನೆಯ ಒರೆಗಲ್ಲು. ಈ ಕೋಡ್‌ಗಳನ್ನು ಲೆಕ್ಕಹಾಕುವ ಬಗೆಯನ್ನು ವಿವರಿಸುವ ಇಂಟರ್ನೆಟ್ ದಾಖಲೆಯಾದ 2011ರ ಆರ್‌ಎಫ್‌ಸಿ 6238ರ ಕೊನೆಯಲ್ಲಿ ಒಂದು ಪರೀಕ್ಷಾ ಕೋಷ್ಟಕವಿದೆ. ಅದರಲ್ಲಿ 1970ರ ಜನವರಿ 1ರಿಂದ ಎಣಿಸಿದ 200 ಕೋಟಿನೇ ಸೆಕೆಂಡಿನ ಸಾಲನ್ನು ಆರಿಸಿಕೊಂಡೆ. ಆ ಕ್ಷಣ ನಮ್ಮ ಗಡಿಯಾರದಲ್ಲಿ 2033ರ ಮೇ 18ರ ಬೆಳಿಗ್ಗೆ 9:03:20. ಹಳೆಯ ಫೋನೊಂದರ ಸಿಮ್ ತೆಗೆದು, ತಾನಾಗಿ ಸಮಯ ಹೊಂದಿಸಿಕೊಳ್ಳುವುದನ್ನು ನಿಲ್ಲಿಸಿ, ಗಡಿಯಾರವನ್ನು ಆ ದಿನದ 9:03ಕ್ಕೆ ತಿರುಗಿಸಿದರೆ, ಮೊದಲ 30 ಸೆಕೆಂಡುಗಳ ಉದ್ದಕ್ಕೂ ಕೋಷ್ಟಕದ ಕೋಡೇ ಕಾಣಬೇಕು. ಕೋಡ್ ಲೆಕ್ಕಕ್ಕೆ ಬಳಸುವ ಸೂತ್ರಗಳಲ್ಲಿ ಒಂದಾದ ಎಸ್‌ಎಚ್‌ಎ-1ರ 69279037 ಏಜಿಸ್‌ನಲ್ಲೂ 2ಎಫ್‌ಎಎಸ್‌ನಲ್ಲೂ ತಪ್ಪಿಲ್ಲದೆ ಬಂತು.

ಇನ್ನೊಂದು ಸೂತ್ರವಾದ ಎಸ್‌ಎಚ್‌ಎ-256, ಎಂಟು ಅಂಕಿ ಎಂದು ಬರೆದ ಕ್ಯೂಆರ್ ಕೋಡ್ ತೋರಿಸಿದಾಗಲೇ ತೊಡಕು ಶುರುವಾದದ್ದು. ಬಹಳ ಜನ ಬಳಸುವ ಒಂದು ಆ್ಯಪ್ ಅದನ್ನು ತಕರಾರಿಲ್ಲದೆ ಸ್ವೀಕರಿಸಿ 279037 ಎಂದಿತು. ಎಂದರೆ ಎಸ್‌ಎಚ್‌ಎ-1ರ ಕೊನೆಯ ಆರು ಅಂಕಿ. ಬೆಂಬಲವಿಲ್ಲದಿದ್ದರೆ ಇಲ್ಲವೆಂದು ಹೇಳಲಿ. ತಪ್ಪು ಕೋಡನ್ನು ಸರಿಯೆಂಬಂತೆ ತೋರಿಸುವ ಆ್ಯಪ್ ನನ್ನ ಫೋನಿನಲ್ಲಿ ಇರಕೂಡದು. ಆದರೆ ಏಜಿಸ್ ಕೊಟ್ಟದ್ದು ಅದೂ ಅಲ್ಲ, ಕೋಷ್ಟಕದ 90698825 ಕೂಡ ಅಲ್ಲ, ಮೂರನೆಯದೇ ಒಂದು ಸಂಖ್ಯೆ. ಪೈಥಾನ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಸಹ ಏಜಿಸ್‌ನ ಸಂಖ್ಯೆಯನ್ನೇ ಕೊಟ್ಟಿತು. ಪರಸ್ಪರ ಸಂಬಂಧವಿಲ್ಲದ ಎರಡು ಪ್ರೋಗ್ರಾಂಗಳು ಒಂದೇ ಉತ್ತರ ಹೇಳುತ್ತಿರುವಾಗ ಅನುಮಾನ ಹೋಗಬೇಕಾದದ್ದು ಕೋಷ್ಟಕದ ಕಡೆಗೆ.

ಉತ್ತರ ಅದೇ ದಾಖಲೆಯ ಜಾವಾ ಮಾದರಿಯಲ್ಲಿತ್ತು. ಕೋಷ್ಟಕದ ಮೇಲಿನ ವಿವರಣೆಯು ಕೀಲಿಯೆಂದು ಹೇಳುವುದು 1ರಿಂದ 0ವರೆಗಿನ ಹತ್ತು ಅಂಕಿಗಳ ಎರಡು ಸುತ್ತು, ಅಂದರೆ 20 ಬೈಟ್. ಕೋಷ್ಟಕವನ್ನು ಹುಟ್ಟಿಸಿದ ಜಾವಾ ಪ್ರೋಗ್ರಾಂ ಮಾತ್ರ ಎಸ್‌ಎಚ್‌ಎ-256ಕ್ಕೆ ಅದೇ ಅಂಕಿಗಳನ್ನು ಮುಂದುವರಿಸಿ 32 ಬೈಟ್‌ಗಳ ಕೀಲಿಯನ್ನೂ, ಎಸ್‌ಎಚ್‌ಎ-512ಕ್ಕೆ 64 ಬೈಟ್‌ಗಳ ಕೀಲಿಯನ್ನೂ ಬಳಸುತ್ತದೆ. ಆರ್‌ಎಫ್‌ಸಿಯ ತಿದ್ದುಪಡಿಗಳಲ್ಲಿ ಇದು ದಾಖಲಾಗಿದ್ದರೂ ಮೂಲ ಪಠ್ಯ ಹಾಗೆಯೇ ಇದೆ. ಅದನ್ನು ನಂಬಿ ಕೂತವರ ಸಂಜೆಗಳು ಹೀಗೆಯೇ ಕಳೆದುಹೋಗುತ್ತವೆ. 32 ಬೈಟ್ ಕೀಲಿಯನ್ನು ಕ್ಯೂಆರ್‌ಗೆ ಬೇಕಾದ ಬೇಸ್32 ಎಂಬ ಅಕ್ಷರರೂಪಕ್ಕೆ ತಿರುಗಿಸಿ, ಬಾಲದಲ್ಲಿ ಬರುವ ನಾಲ್ಕು ಸಮಚಿಹ್ನೆಗಳನ್ನು (=) ಕತ್ತರಿಸಿ, ಹೊಸ ಕ್ಯೂಆರ್ ಮಾಡಿ ತೋರಿಸಿದೆ. ಕೋಡ್ ತಾಳೆಯಾಯಿತು.

ಇದೇ ಕೋಷ್ಟಕ ಮುಂದಿನ ಕೆಲಸಕ್ಕೂ ಬೇಕು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಡಿಎಸ್3231 ಎಂಬ ಗಡಿಯಾರದ ಚಿಪ್ ಸೇರಿಸಿ, ಇಂಟರ್ನೆಟ್ಟಿನ ಸೋಂಕಿಲ್ಲದ ಕೋಡ್ ಪೆಟ್ಟಿಗೆಯೊಂದನ್ನು ಮಾಡುವ ಯೋಜನೆಯಿದೆ. ಎಸ್‌ಎನ್ ಮಾದರಿಯ ಚಿಪ್‌ನ ವ್ಯತ್ಯಾಸ ದಶಲಕ್ಷಕ್ಕೆ 2ರೊಳಗೆ, ಅಂದರೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು. ಆರು ತಿಂಗಳಿಗೊಮ್ಮೆ ಸರಿಪಡಿಸಿದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಎಸ್‌ಎನ್ ಎಂದೇ ಹೇಳಿ ಕೊಟ್ಟದ್ದನ್ನು ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಚಿಪ್‌ನ ಬೆನ್ನ ಮೇಲೆ ಎಂ ಎಂದಿದೆ. ಅದರ ವ್ಯತ್ಯಾಸ ದಶಲಕ್ಷಕ್ಕೆ 5ರವರೆಗೆ ಹೋಗಬಹುದು. ಬೆಲೆಯನ್ನು ಮಾತ್ರ ಎಸ್‌ಎನ್‌ನದ್ದೇ ತೆಗೆದುಕೊಂಡಿದ್ದಾರೆ.

ಏಜಿಸ್‌ನಲ್ಲಿ ಎಸ್‌ಎಚ್‌ಎ-512ರ 38618901 ಸಹ ಸರಿಯಾಗಿ ಬಂದಿರುವುದರಿಂದ ಖಾತೆಗಳನ್ನೆಲ್ಲ ಅದಕ್ಕೇ ಸಾಗಿಸುತ್ತಿದ್ದೇನೆ. ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ಕಡತ ಪೆನ್‌ಡ್ರೈವ್‌ನಲ್ಲಿದೆ, ಅದರ ಪಾಸ್‌ವರ್ಡ್ ಕಾಗದದ ಮೇಲಿದೆ. ಆ ಕಡತವನ್ನು ಬೇರೊಂದು ಫೋನಿನಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯ ಆ್ಯಪ್ ಅಳಿಸುತ್ತೇನೆ.