ಹತ್ತು ಟೈಲ್ಸ್, ಆರು ಸೆಕೆಂಡ್

ನಮ್ಮ ಕಡೆ ಅರವತ್ತೈದು ದಾಟಿದವರ ನಡಿಗೆ ನಿಧಾನ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ವಯಸ್ಸಾತಲ್ರೀ, ಇನ್ನೇನು ಮೊದ್ಲಿನಂಗೆ ನಡಿಯಾಕಾಗುತ್ತಾ" ಅಂತ ಮನೆಯವರೂ ಹೇಳುತ್ತಾರೆ, ನಡೆಯುವವರೂ ಅದನ್ನೇ ಹೇಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್, ಜಾಸ್ತಿ ಕೆಲಸ ಮನೆಮನೆಗೆ ಹೋಗಿ ನೋಡುವುದೇ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆರೋಗ್ಯ ಚೆನ್ನಾಗಿದ್ದರೆ ವಯಸ್ಸು ಒಂದೇ ನಡಿಗೆಯನ್ನು ಅಷ್ಟೆಲ್ಲ ಇಳಿಸುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. 2011ರಲ್ಲಿ 41 ಅಧ್ಯಯನಗಳನ್ನು ಒಟ್ಟುಗೂಡಿಸಿ, 23,111 ಆರೋಗ್ಯವಂತರು ತಮ್ಮ ಪಾಡಿಗೆ ತಾವು ನಡೆಯುವಾಗಿನ ವೇಗವನ್ನು ಲೆಕ್ಕ ಹಾಕಿದ್ದರು. ನಲವತ್ತರ ಆಸುಪಾಸಿನ ಗಂಡಸರು ಸೆಕೆಂಡಿಗೆ ಸುಮಾರು 1.43 ಮೀಟರ್ ನಡೆಯುತ್ತಾರೆ, ಅಂದರೆ ಗಂಟೆಗೆ ಐದು ಕಿಲೋಮೀಟರಿಗೆ ಒಂಚೂರು ಮೇಲೆ. ಎಪ್ಪತ್ತರಿಂದ ಎಪ್ಪತ್ತೊಂಬತ್ತರ ಗಂಡಸರು? 1.26. ಅದೇ ವಯಸ್ಸಿನ ಹೆಂಗಸರು 1.13. ಮೂವತ್ತು ವರ್ಷ ಕಳೆದರೂ ಗಂಡಸರಲ್ಲಿ ಇಳಿದದ್ದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಎಂಬತ್ತು ದಾಟಿದ ಮೇಲೆ ಇಳಿಕೆ ಜೋರಾಗುತ್ತದೆ, ಆಗಲೂ ಸರಾಸರಿ 0.95ರ ಹತ್ತಿರ ಇರುತ್ತದೆ. ಹಾಗಾಗಿ ಎಪ್ಪತ್ತೆರಡರ ಅಜ್ಜಾರು ಸೆಕೆಂಡಿಗೆ 0.6 ಮೀಟರ್ ನಡೆಯುತ್ತಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು. ಬೇರೆ ಏನೋ ಇದೆ, ಅದನ್ನು ಹುಡುಕಬೇಕು.

ಅಳೆಯುವುದು ಹೇಗೆ ಅಂತೀರಾ? ಈಗ ಎಷ್ಟೋ ಮನೆಗಳ ಹಾಲಿನಲ್ಲಿ ಎರಡಡಿಯ ಟೈಲ್ಸ್ ಇರುತ್ತದೆ, ಅಲ್ವಾ? ಅದು 600 ಮಿಲಿಮೀಟರಿನದು. ಹತ್ತು ಟೈಲ್ಸ್ ಅಂದರೆ ಆರು ಮೀಟರ್. ನಿಮ್ಮ ಮನೆಯದು ಬೇರೆ ಅಳತೆಯದಾದರೆ ಟೇಪ್ ಹಿಡಿದು ಆರು ಮೀಟರ್ ಗುರುತು ಮಾಡಿ. ಏಷ್ಯಾದ ತಜ್ಞರು ಸೇರಿ 2019ರಲ್ಲಿ ವಯಸ್ಸಾದವರ ಸ್ನಾಯು ಸವೆತ ಗುರುತಿಸಲು ಮಾಡಿದ ಸೂತ್ರದಲ್ಲೂ ಇದೇ ಆರು ಮೀಟರ್ ನಡಿಗೆ ಇದೆ. ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆ ಬಂದರೆ ಎಚ್ಚರ ಅಂತ ಅದರ ಮಾತು. ಅಂದರೆ ಹತ್ತು ಟೈಲ್ಸ್ ದಾಟಲು ಆರು ಸೆಕೆಂಡಿಗಿಂತ ಜಾಸ್ತಿ ಬೇಕಾದರೆ.

ಆದರೆ ಅಳೆಯುವ ರೀತಿ ಸರಿ ಇರಬೇಕು, ಇಲ್ಲದಿದ್ದರೆ ಸುಮ್ನೆ ಗಾಬರಿ. ಗೆರೆಯ ಮೇಲೆ ನಿಲ್ಲಿಸಿ ಹೊರಡಿಸಬೇಡಿ. ಎರಡು ಮೂರು ಟೈಲ್ಸ್ ಹಿಂದಿನಿಂದ ಹೊರಡಲಿ, ಗೆರೆ ದಾಟಿದ ಮೇಲೂ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲಲಿ. ಹಾಲ್ ಸಾಲದಿದ್ದರೆ ಪಡಸಾಲೆಯಿಂದ ಶುರು ಮಾಡಿಸಿ, ನಡುವೆ ಹೊಸ್ತಿಲು ಬರದಂತೆ ನೋಡಿಕೊಳ್ಳಿ. ಮೊದಲ ಗೆರೆಗೆ ಪಾದ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಕೊನೆಯ ಗೆರೆಗೆ ಪಾದ ಬಂದಾಗ ನಿಲ್ಲಿಸಿ. ಎರಡು ಸಲ ಮಾಡಿಸಿ. "ಬೇಗ ನಡೀರಿ" ಅನ್ನಬೇಡಿ, "ದಿನಾ ಹೆಂಗೆ ನಡಿತೀರೋ ಹಂಗೇ ಬರ್ರಿ" ಅಂದರೆ ಸಾಕು. ಕೋಲು ಹಿಡಿಯುವವರು ಕೋಲು ಹಿಡಿದೇ ನಡೆಯಲಿ. ನೀವು ಪಕ್ಕದಲ್ಲಿ ಸಮಕ್ಕೆ ನಡೆದರೆ ಅವರು ನಿಮ್ಮ ವೇಗಕ್ಕೆ ಬಂದುಬಿಡುತ್ತಾರೆ, ಅದಕ್ಕೆ ಅರ್ಧ ಹೆಜ್ಜೆ ಹಿಂದೆ ಇರಿ, ಬಿದ್ದರೆ ಹಿಡಿಯುವಷ್ಟು ಹತ್ತಿರ.

ನಿಟ್ಟುವಳ್ಳಿಯಲ್ಲಿ ಒಬ್ಬ ಅಜ್ಜಾರನ್ನು ನೋಡುತ್ತಿದ್ದೆ. ಹತ್ತಿ ಮಿಲ್ಲಿನಲ್ಲಿ ದುಡಿದವರು, ಎಪ್ಪತ್ತು ದಾಟಿದೆ. ಹತ್ತು ಟೈಲ್ಸಿಗೆ ಒಂಬತ್ತು ಸೆಕೆಂಡ್ ಬೇಕಾಯಿತು. ಅವರು ನಡೆಯುವುದನ್ನು ನೋಡುತ್ತಾ ನಿಂತೆ. ಎಡಗೈಯಲ್ಲಿ ಪಂಚೆಯ ತುದಿ ಎತ್ತಿ ಹಿಡಿದಿದ್ದರು, ಹಾಗಾಗಿ ಆ ಕೈ ಬೀಸುವ ಹಾಗೇ ಇಲ್ಲ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಅದು ಜಾರದಿರಲಿ ಅಂತ ಬೆರಳು ಮಡಚಿ ಹಿಡಿದುಕೊಂಡೇ ಹೆಜ್ಜೆ ಇಡುತ್ತಿದ್ದರು, ಹಿಮ್ಮಡಿ ಎತ್ತುವುದೇ ಇಲ್ಲ, ಪಾದ ನೆಲಕ್ಕೆ ಉಜ್ಜುತ್ತದೆ. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಕೇಳುತ್ತಾ ಹೋದಾಗ ಸೊಸೆ ಹೇಳಿದರು, ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದಿದ್ದರಂತೆ, ಪೆಟ್ಟೇನೂ ಆಗಿರಲಿಲ್ಲ, ಅವತ್ತಿನಿಂದ ಗಾಂಧಿ ಸರ್ಕಲ್ ಕಡೆ ಹೋಗುವುದು ಬಿಟ್ಟರು, ಆಮೇಲೆ ಓಣಿಯ ತುದಿಗೂ ಹೋಗಲಿಲ್ಲ. ಹೆದರಿ ಕೂತರು, ಕೂತದ್ದಕ್ಕೆ ತೊಡೆಯ ಬಲ ಹೋಯಿತು, ಬಲ ಹೋದದ್ದಕ್ಕೆ ಹೆದರಿಕೆ ಇನ್ನೂ ಜಾಸ್ತಿಯಾಯಿತು. ರಾತ್ರಿ ಊಟಕ್ಕೆ ಬರೀ ಅನ್ನ ಸಾರು ಬೇರೆ.

ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ತರಿಸಿದೆವು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಅದನ್ನೇ ದಿನಾ ಮಾಡಿಸಿದರು ಸೊಸೆ, ಒಂದು ದಿನವೂ ಬಿಡದೆ. ಊಟಕ್ಕೆ ಕಾಳು, ಮೊಟ್ಟೆ ಸೇರಿತು. ಕೆಲವು ವಾರದ ಮೇಲೆ ಅದೇ ಹತ್ತು ಟೈಲ್ಸಿಗೆ ಏಳು ಸೆಕೆಂಡ್. ಸೆಕೆಂಡಿಗೆ 0.67 ಮೀಟರ್ ಇದ್ದದ್ದು 0.86 ಆಯಿತು. ಇದು ಚಿಕ್ಕದು ಅನ್ನಿಸಬಹುದು. ಆದರೆ ವಯಸ್ಸಾದವರಲ್ಲಿ 0.1 ಮೀಟರ್ ಏರಿದರೇ ಅದು ದೊಡ್ಡ ಬದಲಾವಣೆ ಅಂತ ನಮ್ಮ ವೃತ್ತಿಯಲ್ಲಿ ಲೆಕ್ಕ. ಅಜ್ಜಾರಂತೂ ಆ ಲೆಕ್ಕ ಕೇಳಲಿಲ್ಲ, "ದುಗ್ಗಮ್ಮನ ಗುಡಿಗೆ ಯಾವಾಗ ಹೋಗಬೌದು ಹೇಳ್ರಿ" ಅಂದರು.

ನಡಿಗೆಯ ವೇಗ ಇಷ್ಟೊಂದು ಹೇಳುವುದು ಯಾಕೆ? ನಡೆಯಲು ಹೃದಯ, ಶ್ವಾಸಕೋಶ, ಸ್ನಾಯು, ಕೀಲು, ನರ, ಕಣ್ಣು, ಮೆದುಳು ಎಲ್ಲವೂ ಒಟ್ಟಿಗೆ ದುಡಿಯಬೇಕು. ಯಾವುದು ಕೈಕೊಟ್ಟರೂ ವೇಗ ಇಳಿಯುತ್ತದೆ. ಶುಗರಿನಿಂದ ಪಾದದ ಸ್ಪರ್ಶ ಹೋಗಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು, ಬಿಪಿ ಮಾತ್ರೆ ಜಾಸ್ತಿಯಾಗಿ ತಲೆ ತಿರುಗುತ್ತಿರಬಹುದು, ಪಾರ್ಕಿನ್ಸನ್ ಅನ್ನುವ ಮೆದುಳಿನ ಕಾಯಿಲೆ ಶುರುವಾಗಿರಬಹುದು. ಯಾವುದು ಅಂತ ಸೆಕೆಂಡುಗಳು ಹೇಳುವುದಿಲ್ಲ, ಏನೋ ಇದೆ ಅಂತ ಹೇಳುತ್ತವೆ. ಅದಕ್ಕೇ 2009ರಲ್ಲಿ ಅಮೆರಿಕದ ಇಬ್ಬರು ಫಿಸಿಯೋಥೆರಪಿ ತಜ್ಞೆಯರು ಇದನ್ನು ನಾಡಿ, ಬಿಪಿ, ಜ್ವರದ ಸಾಲಿಗೆ ಸೇರಿಸಿ ಆರನೇ ವೈಟಲ್ ಸೈನ್, ಅಂದರೆ ದೇಹದ ಸ್ಥಿತಿ ತಿಳಿಸುವ ಮುಖ್ಯ ಗುರುತು, ಅಂತ ಕರೆದರು. 2011ರಲ್ಲಿ ಅಮೆರಿಕದ ವೈದ್ಯೆ ಸ್ಟೆಫನಿ ಸ್ಟುಡೆನ್ಸ್ಕಿ ಮತ್ತು ಜೊತೆಗಾರರು 65 ದಾಟಿದ 34,485 ಜನರ ಮಾಹಿತಿ ನೋಡಿದಾಗ, ವೇಗ 0.1 ಮೀಟರ್ ಹೆಚ್ಚಿದ್ದಷ್ಟಕ್ಕೂ ಸಾವಿನ ಅಪಾಯ ಸುಮಾರು ನೂರಕ್ಕೆ ಹನ್ನೆರಡರಷ್ಟು ಕಡಿಮೆ ಇತ್ತು. ಹಾಗಂತ ಅಪ್ಪನನ್ನು ಜೋರಾಗಿ ನಡೆಸಿದರೆ ಆಯುಷ್ಯ ಬೆಳೆಯುತ್ತದೆ ಅಂತಲ್ಲ. ದೇಹ ಗಟ್ಟಿ ಇದ್ದವರ ನಡಿಗೆಯೂ ಗಟ್ಟಿ ಇತ್ತು, ಅಷ್ಟೇ.

ಡಾಕ್ಟರುಗಳಿಗೆ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಲಕ್ವ ಹೊಡೆದವರಲ್ಲಿ ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ಇದ್ದರೆ ಓಡಾಟ ಮನೆಯೊಳಗೇ, 0.8 ದಾಟಿದರೆ ಹೊರಗೆ ಒಬ್ಬರೇ ಓಡಾಡಬಲ್ಲರು ಅಂತ 1995ರಿಂದ ಒಂದು ಅಂದಾಜು ಬಳಕೆಯಲ್ಲಿದೆ. ಹೃದಯದ ಆಪರೇಷನ್ ಮಾಡಿಸಿಕೊಳ್ಳುವ ವಯಸ್ಸಾದವರಲ್ಲಿ ಐದು ಮೀಟರಿಗೆ ಆರು ಸೆಕೆಂಡ್ ಅಥವಾ ಜಾಸ್ತಿ ತೆಗೆದುಕೊಂಡವರಿಗೆ ಸಾವು ಅಥವಾ ದೊಡ್ಡ ತೊಂದರೆಯ ಅಪಾಯ ಸುಮಾರು ಮೂರು ಪಟ್ಟು ಅಂತ 2010ರ ಒಂದು ಅಧ್ಯಯನ ತೋರಿಸಿತು.

ರಸ್ತೆಯ ಮಾತೂ ಹೇಳಲೇಬೇಕು. ಸಿಗ್ನಲ್ಲಿನ ಸಮಯಕ್ಕೆ ಎಷ್ಟೋ ಕಡೆ ಹಿಡಿಯುವುದು ಸೆಕೆಂಡಿಗೆ 1.2 ಮೀಟರಿನ ಲೆಕ್ಕ. ಹದಿನೈದು ಮೀಟರಿನ ರಸ್ತೆ ದಾಟಲು ಆ ವೇಗಕ್ಕೆ ಹನ್ನೆರಡೂವರೆ ಸೆಕೆಂಡ್ ಸಾಕು, 0.8ರಲ್ಲಿ ನಡೆಯುವ ಅಜ್ಜಿಗೆ ಹತ್ತೊಂಬತ್ತು ಸೆಕೆಂಡ್ ಬೇಕು. ನಮ್ಮೂರಿನ ಪಿ.ಬಿ. ರೋಡಿನಲ್ಲಿ ಅರ್ಧ ದಾಟಿ ನಿಂತ ವಯಸ್ಸಾದವರನ್ನು ನೋಡಿದಾಗ ಹಾರ್ನ್ ಹೊಡೆಯಬೇಡಿ, ದಯವಿಟ್ಟು. ಅವರ ಕಾಲಿಗೆ ಅಷ್ಟೇ ವೇಗ ಇರುವುದು.

ಮನೆಯಲ್ಲಿ ವಯಸ್ಸಾದವರಿದ್ದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದೇ ಸಲದ ಅಂಕಿಗಿಂತ ಇಳಿಯುತ್ತಿದೆಯಾ ಅನ್ನುವುದು ಮುಖ್ಯ. ಡಾಕ್ಟರ ಹತ್ತಿರ ಹೋದಾಗ "ನಡಿಯೋದು ನಿಧಾನ ಆಗೇತ್ರೀ" ಅನ್ನುವ ಬದಲು "ದೀಪಾವಳಿಗೆ ಆರು ಮೀಟರಿಗೆ ಆರೂವರೆ ಸೆಕೆಂಡ್ ಇತ್ತು, ಈಗ ಎಂಟೂವರೆ" ಅನ್ನಿ, ಜೊತೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ತಿಂಗಳುಗಟ್ಟಲೆ ನಿಧಾನಕ್ಕೆ ಇಳಿದದ್ದಕ್ಕೆ ಈ ದಾರಿ. ಆದರೆ ನಿನ್ನೆ ಚೆನ್ನಾಗಿ ನಡೆದವರು ಇವತ್ತು ಒಂದು ಕಾಲು ಎಳೆಯುತ್ತಿದ್ದರೆ, ಬಾಯಿ ಸೊಟ್ಟ ಆಗಿದ್ದರೆ, ಮಾತು ತೊದಲಿದರೆ ಟೈಲ್ಸ್ ಎಣಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.