ಅರವಿಂದನ್ ಸಿನಿಮಾದಲ್ಲಿ ಏನೂ ನಡೆಯುವುದಿಲ್ಲವಲ್ಲ, ಮತ್ತೇಕೆ ನೋಡುತ್ತೀರಿ?

ಮಲಯಾಳದ ಜಿ. ಅರವಿಂದನ್ ನನ್ನ ಮೆಚ್ಚಿನ ನಿರ್ದೇಶಕರೆಂದು ಮಂಗಳೂರಿನಲ್ಲಿ ಯಾರೊಡನೆ ಹೇಳಿದರೂ ಮರುಪ್ರಶ್ನೆ ಒಂದೇ: "ಅವರ ಸಿನಿಮಾದಲ್ಲಿ ಏನೂ ನಡೆಯುವುದಿಲ್ಲವಲ್ಲ ಮಾರಾಯ್ರೆ, ಅದರಲ್ಲಿ ನೋಡುವುದಕ್ಕೇನಿದೆ?" ಹೀಗೆ ಕೇಳುವವರಲ್ಲಿ ಹೆಚ್ಚಿನವರು ಹೊಸ ಮಲಯಾಳ ಚಿತ್ರಗಳನ್ನು ಬಿಡದೆ ನೋಡುವವರು, ಕಾಸರಗೋಡು ಪಕ್ಕದಲ್ಲೇ ಇರುವುದರಿಂದ ಆ ಭಾಷೆಯೂ ಅವರಿಗೆ ತೊಡಕಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ತಾತ್ಸಾರವೆಂದು ತಳ್ಳಿಹಾಕದೆ ಉತ್ತರಿಸುವುದು ನ್ಯಾಯ.

ಎಲ್ಲರೂ ಏನನ್ನೋ ನೋಡುತ್ತಿರುವಾಗ ಅರವಿಂದನ್ ನೋಡುವವರ ಮುಖವನ್ನು ನೋಡುತ್ತಾರೆ. ನನ್ನನ್ನು ಅವರ ಚಿತ್ರಗಳಿಗೆ ಕಟ್ಟಿಹಾಕಿರುವುದು ಇದೇ. 1978ರ 'ತಂಪ್' ಚಿತ್ರದಲ್ಲಿ ಒಂದು ಸರ್ಕಸ್ ಕಂಪನಿ ಭಾರತಪ್ಪುಳ ನದಿಯ ದಂಡೆಯ ತಿರುನಾವಾಯಕ್ಕೆ ಬರುತ್ತದೆ, ಡೇರೆ ಹಾಕುತ್ತದೆ, ಕೆಲವು ದಿನ ಆಟ ತೋರಿಸಿ ಹೊರಟುಹೋಗುತ್ತದೆ. ಕಥೆಯೆಂದರೆ ಬಹುಮಟ್ಟಿಗೆ ಅಷ್ಟೇ. ಆದರೆ ಅರವಿಂದನ್ ಅಲ್ಲಿಗೆ ನಿಜವಾದ ಸರ್ಕಸ್ ಕಲಾವಿದರನ್ನೇ ಕರೆದೊಯ್ದು, ಊರವರನ್ನು ಕೂರಿಸಿ ಆಟ ಆಡಿಸಿದರು. ಜನ ಕ್ಯಾಮೆರಾ ಇದೆಯೆಂಬುದನ್ನೇ ಮರೆತು ಆಟದಲ್ಲಿ ಮುಳುಗಿದಾಗ ಅವರ ಮುಖಗಳನ್ನು ಸೆರೆಹಿಡಿದರು. ಶಾಜಿ ಎನ್. ಕರುಣ್ ಅವರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಆ ಬೆರಗು, ಅಂಜಿಕೆ, ನಗು ಒಂದಾದ ಮೇಲೊಂದು ಹಾದುಹೋಗುವಾಗ, ಯಾವ ನಟನಿಂದಲೂ ಇಂಥದ್ದನ್ನು ಮಾಡಿಸಲು ಸಾಧ್ಯವಿರಲಿಲ್ಲ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಮುಂದೆ ಊರಿನಲ್ಲಿ ಉತ್ಸವ ಬಂದೊಡನೆ ಅದೇ ಜನ ಸರ್ಕಸ್ಸನ್ನು ಮರೆತುಬಿಡುತ್ತಾರೆ. ಅವರನ್ನು ನಿಷ್ಠುರರೆಂದು ಚಿತ್ರ ದೂರುವುದಿಲ್ಲ, ಕಲಾವಿದರಿಗಾಗಿ ಕಣ್ಣೀರು ಸುರಿಸಿರೆಂದು ನಮ್ಮನ್ನು ಒತ್ತಾಯಿಸುವುದೂ ಇಲ್ಲ. ಹಗ್ಗದ ಮೇಲೆ ನಡೆಯುವವರ ಹೊಟ್ಟೆಪಾಡು ಎಂಥದ್ದೆಂದು ಇದಕ್ಕಿಂತ ಸ್ಪಷ್ಟವಾಗಿ ತಿಳಿಸಿದ ಚಿತ್ರವನ್ನು ನಾನು ನೋಡಿಲ್ಲ.

ಈ ನೋಟ ಅವರಿಗೆ ಎಲ್ಲಿಂದ ಬಂತು? ಅವರು ಯಾವ ಸಿನಿಮಾ ಶಾಲೆಯಲ್ಲೂ ಕಲಿತವರಲ್ಲ. ರಬ್ಬರ್ ಮಂಡಳಿಯ ನೌಕರರಾಗಿದ್ದುಕೊಂಡು, 1961ರಿಂದ ಹಲವು ವರ್ಷಗಳ ಕಾಲ ಮಾತೃಭೂಮಿ ವಾರಪತ್ರಿಕೆಗೆ ವ್ಯಂಗ್ಯಚಿತ್ರಮಾಲೆ ಬರೆದವರು. ಸಾಧಾರಣ ಮನುಷ್ಯನೊಬ್ಬ ವಾರದಿಂದ ವಾರಕ್ಕೆ ಹೇಗೆ ಬದಲಾಗುತ್ತಾನೆಂಬುದನ್ನು ಒಂದು ಸಣ್ಣ ಚೌಕದೊಳಗೆ ಗಮನಿಸುವ ಅಭ್ಯಾಸ ಅಲ್ಲಿಯದು ಎಂದು ನಾನು ಊಹಿಸುತ್ತೇನೆ.

ಹಾಗೆಂದು ಅವರದು ಬರಿಯ ನಿಧಾನದ ಸಿನಿಮಾವಲ್ಲ, ಧೈರ್ಯದ್ದೂ ಹೌದು. 1977ರ 'ಕಾಂಚನ ಸೀತಾ'ದಲ್ಲಿ ರಾಮ ಲಕ್ಷ್ಮಣರ ಪಾತ್ರಗಳನ್ನು ಆಂಧ್ರದ ಚೆಂಚು ಬುಡಕಟ್ಟಿನವರಿಗೆ ಕೊಟ್ಟರು; ಕಿರೀಟ, ಪೀತಾಂಬರಗಳ ರಾಮನನ್ನೇ ಕಂಡಿದ್ದ ಪ್ರೇಕ್ಷಕರು ಎಷ್ಟು ಕಸಿವಿಸಿಗೊಂಡಿರಬಹುದು! ಸೀತೆಯಂತೂ ಪಾತ್ರವಾಗಿ ತೆರೆಯ ಮೇಲೆ ಬರುವುದೇ ಇಲ್ಲ. ಗಾಳಿ ಬೀಸುತ್ತದೆ, ಎಲೆ ಅಲುಗುತ್ತದೆ, ರಾಮ ತಿರುಗಿ ನೋಡುತ್ತಾನೆ. ಆ ಚಿತ್ರಕ್ಕೆ ಸಂಗೀತ ಕೊಟ್ಟವರು ನಮ್ಮ ಸರೋದ್ ವಾದಕ ರಾಜೀವ ತಾರಾನಾಥರೆಂಬುದನ್ನು ಇಲ್ಲಿಯವರಿಗೆ ಹೇಳಿದಾಗ ಸ್ವಲ್ಪ ಕುತೂಹಲ ಹುಟ್ಟುತ್ತದೆ. ಅವರ ತಂದೆ ಪಂಡಿತ ತಾರಾನಾಥರು ಹುಟ್ಟಿದ್ದು ಮಂಗಳೂರಿನಲ್ಲಿ.

ದೈವಾರಾಧನೆಯ ಕೋಲದ ರಾತ್ರಿ ಬಣ್ಣ ಹಾಕುವುದನ್ನು, ದೈವ ಕಟ್ಟುವವರ ಬೆನ್ನಿಗೆ ಅಣಿಯೆಂಬ ಅಲಂಕಾರ ಕಟ್ಟುವುದನ್ನು ನೋಡುತ್ತ, ದೈವದ ಕಥೆ ಹೇಳುವ ಪಾಡ್ದನದ ಹಾಡನ್ನು ಕೇಳುತ್ತ ಗಂಟೆಗಟ್ಟಲೆ ಕುಳಿತುಕೊಳ್ಳುವ ತುಳುನಾಡಿನವರಿಗೆ ಈ ಚಿತ್ರಗಳು ನಿಧಾನವೆನಿಸುವುದು ಹೇಗೆ ಎಂದು ನನ್ನ ಪರವಾಗಿ ವಾದಿಸುವ ಸ್ನೇಹಿತರಿದ್ದಾರೆ. ಈ ವಾದ ನನಗೆ ಪೂರ್ತಿ ಒಪ್ಪಿಗೆಯಲ್ಲ. ಕೋಲದ ಅಂಗಳದಲ್ಲಿ ಕಾಯುವವರಿಗೆ ದೈವ ಬರುತ್ತದೆಂಬ ನಂಬಿಕೆಯಿದೆ, ದೈವದ ನುಡಿ ಕೇಳಿಸಿಕೊಳ್ಳುವ ಅಗತ್ಯವಿದೆ. ಟಿಕೇಟು ಕೊಂಡು ಕುಳಿತವರಿಗೆ ಅಂಥ ಭರವಸೆಯನ್ನು ಯಾರೂ ಕೊಟ್ಟಿರುವುದಿಲ್ಲ. ಅದನ್ನು ದೃಶ್ಯವೇ ಹುಟ್ಟಿಸಬೇಕು, ಕೆಲವೊಮ್ಮೆ ಹುಟ್ಟುವುದಿಲ್ಲ. 'ಪೋಕ್ಕುವೆಯಿಲ್' ಚಿತ್ರದಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲನ್ನೂ ರಾಜೀವ ತಾರಾನಾಥರ ಸರೋದನ್ನೂ ಅನುಸರಿಸಿ ದೃಶ್ಯಗಳನ್ನು ಹೆಣೆದಿದ್ದಾರೆ. ಕಣ್ಣು ಮುಚ್ಚಿ ಕೇಳಿದಾಗ ನನಗೆ ಅದು ಹೆಚ್ಚು ಹಿಡಿಸಿತೆಂದರೆ ಅರವಿಂದನ್ ಅಭಿಮಾನಿಗಳು ಸಿಟ್ಟಾಗಬಾರದು.

ಹಾಗಾದರೆ ಯಾವುದರಿಂದ ಆರಂಭಿಸಬೇಕು ಎಂದು ಕೇಳುವವರಿಗೆ ನಾನು 1979ರ 'ಕುಮ್ಮಾಟ್ಟಿ'ಯನ್ನು ಸೂಚಿಸುತ್ತೇನೆ. ಊರೂರು ಅಲೆಯುವ ಮಾಂತ್ರಿಕನೊಬ್ಬ ಮಕ್ಕಳನ್ನು ಆಟಕ್ಕೆಂದು ಪ್ರಾಣಿಗಳನ್ನಾಗಿ ಮಾಡುತ್ತಾನೆ. ನಾಯಿಯಾದ ಚಿಂಡನ್ ಎಂಬ ಹುಡುಗ ಗುಂಪಿನಿಂದ ತಪ್ಪಿಹೋಗಿ, ಮಾಂತ್ರಿಕ ಮತ್ತೆ ಬರುವವರೆಗೂ ನಾಯಿಯಾಗಿಯೇ ಉಳಿಯುತ್ತಾನೆ. ಮನೆಗೆ ಮರಳಿದ ನಾಯಿಯನ್ನು ತಾಯಿ ಗುರುತಿಸುವ ಪ್ರಸಂಗವನ್ನು ನೋಡಿದ ಮೇಲೆ ಏನೂ ನಡೆಯಲಿಲ್ಲವೆಂದು ಯಾರೂ ನನ್ನೊಡನೆ ಹೇಳಿದ್ದಿಲ್ಲ. 2021ರಲ್ಲಿ ಪುನರುಜ್ಜೀವನಗೊಂಡ ಪ್ರತಿಯನ್ನೇ ನೋಡುವುದು ಒಳ್ಳೆಯದು, ಏಕೆಂದರೆ ಬಯಲಿನ ಹಸುರೂ ಆಕಾಶವೂ ಅಲ್ಲಿ ಪಾತ್ರಗಳಷ್ಟೇ ಮುಖ್ಯ. ಕಥೆ ಬೇಕೇ ಬೇಕೆನ್ನುವವರಿಗೆ ಸ್ಮಿತಾ ಪಾಟೀಲ್ ಮತ್ತು ಭರತ್ ಗೋಪಿ ನಟಿಸಿದ 'ಚಿದಂಬರಂ' ಇದೆ. ಮೀನುಗಾರರ ದೋಣಿಗಳು ನಿಲ್ಲುವ ಧಕ್ಕೆಯ ಆಸುಪಾಸಿನಲ್ಲಿ ಬೆಳೆದವರಿಗಾದರೆ 'ಎಸ್ತಪ್ಪಾನ್' ಸರಿ: ಕಡಲತೀರದ ಊರೊಂದರಲ್ಲಿ ಒಬ್ಬನನ್ನು ಕೆಲವರು ಪವಾಡಪುರುಷನೆನ್ನುತ್ತಾರೆ, ಕೆಲವರು ಕಳ್ಳನೆನ್ನುತ್ತಾರೆ, ಪ್ರತಿಯೊಬ್ಬರ ಬಳಿಯೂ ಅವನ ಬಗ್ಗೆ ಒಂದೊಂದು ಕಥೆಯಿದೆ, ಯಾವುದು ನಿಜವೆಂದು ಅರವಿಂದನ್ ತೀರ್ಪು ಕೊಡುವುದಿಲ್ಲ. 'ಪೋಕ್ಕುವೆಯಿಲ್' ಮಾತ್ರ ಕೊನೆಗಿರಲಿ.