ನಕ್ಷೆಯಲ್ಲಿ ನಾನು ಅಳಿಸಿದ ಧಬಧಬೆ

ಪುಣೆಯ ವಿನ್ಯಾಸ ಕಚೇರಿಯೊಂದರಲ್ಲಿ ಬಡಾವಣೆ, ಉದ್ಯಾನಗಳ ನಕ್ಷೆ ಬರೆಯುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಬೆಟ್ಟದ ತಪ್ಪಲಿನ ಬಡಾವಣೆಯೊಂದಕ್ಕೆ ರಸ್ತೆ ಗುರುತಿಸುವಾಗ, ಅಲ್ಲಿದ್ದ ಹಳ್ಳಕ್ಕೆ ಕಾಂಕ್ರೀಟ್ ಚಪ್ಪಡಿ ಹೊದಿಸಿ ಮುಂದೆ ಹೋಗಿದ್ದೆ. ಜಾಗ ನೋಡಿದ್ದು ಮೇ ತಿಂಗಳಲ್ಲಿ; ಹನಿ ನೀರಿರಲಿಲ್ಲ. ಸರ್ವೆ ಹಾಳೆಯಲ್ಲಿ ಮಾತ್ರ ಒಂದು ಕಡೆ ನಾಲ್ಕು ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒಂದಕ್ಕೊಂದು ಅಂಟಿಕೊಂಡಿದ್ದವು. ಸರ್ವೆಯವರ ಕೈತಪ್ಪು ಎಂದುಕೊಂಡು ಅವನ್ನು ಬಿಡಿಸಿ ಬರೆದೆ. ಗೆರೆಗಳು ಕೂಡಿದಲ್ಲಿ ನೆಲ ನೆಟ್ಟಗೆ ಇಳಿಯುತ್ತದೆ ಎಂದು ಕಾಲೇಜಿನ ಮೊದಲ ವರ್ಷದಲ್ಲೇ ಕಲಿತಿದ್ದೆ.

ಜುಲೈನಲ್ಲಿ ಹೋದಾಗ ಕಾವಲುಗಾರ "ಧಬಧಬಾ" ಎಂದು ಕೈ ತೋರಿಸಿದ. ಕರಿ ಬಂಡೆಯಿಂದ ಎರಡಾಳೆತ್ತರ ನೀರು ಧುಮುಕುತ್ತಿತ್ತು. ನಾನು ಗೋಕಾಕದ ಕಡೆಯವಳು. ನಮ್ಮಲ್ಲೂ ಜಲಪಾತವೆಂದರೆ ಧಬಧಬೆಯೇ. ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ಸದ್ದು, ಪಕ್ಕದ ಗಿರಣಿ, ಕಾಲಡಿ ತೂಗುವ ಸೇತುವೆ, ಇವುಗಳ ನಡುವೆ ಬೆಳೆದ ನಾನೇ ಧಬಧಬೆಯ ಮೇಲೆ ರಸ್ತೆ ಎಳೆದಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ರಸ್ತೆ ಸರಿಸಿ ಧಬಧಬೆಯನ್ನು ಉಳಿಸೋಣವೆಂದು ಬಡಾವಣೆಯ ಮಾಲೀಕರನ್ನು ಒಪ್ಪಿಸಲು ಉದಾಹರಣೆ ಹುಡುಕುವಾಗ ಅಮೆರಿಕದ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಸಿಕ್ಕಿತು. ಅಲ್ಲಿ 18ನೇ ಶತಮಾನದಲ್ಲಿ ರಿಚರ್ಡ್ ಪಿಯರಿಸ್ ಎಂಬವನು ರೀಡಿ ನದಿಯ ಜಲಪಾತದ ಬಳಿ ಹಿಟ್ಟಿನ ಗಿರಣಿ ಹಾಕಿದ. ಊರು ಬೆಳೆದದ್ದು ಅದರ ಸುತ್ತ. ಆಮೇಲೆ ಗೋಕಾಕದ ಹಾಗೆಯೇ ಬಟ್ಟೆ ಗಿರಣಿಗಳು ಬಂದವು. ನದಿ ಕೊಳೆಯಿತು. 1960ರಲ್ಲಿ ಜಲಪಾತದ ಮೇಲೆಯೇ ನಾಲ್ಕು ಪಥದ ಕ್ಯಾಂಪರ್‌ಡೌನ್ ಸೇತುವೆ ಎದ್ದಿತು, ಜನ ನೀರನ್ನೇ ಮರೆತರು. ಮರೆಯದವರು ಕೆರೊಲಿನಾ ಫುಟ್‌ಹಿಲ್ಸ್ ಗಾರ್ಡನ್ ಕ್ಲಬ್‌ನವರು. 1967ರಲ್ಲಿ ಅವರು 26 ಎಕರೆ ಜಾಗವನ್ನು ಉದ್ಯಾನಕ್ಕೆಂದು ಉಳಿಸಿಕೊಳ್ಳಲು ಹೊರಟರು. ಆದರೂ ಸೇತುವೆ ಬೀಳಲು 2002ರವರೆಗೆ ಕಾಯಬೇಕಾಯಿತು. ಗಟ್ಟಿಯಾಗಿದ್ದ ಸೇತುವೆಯನ್ನು ನೋಟಕ್ಕಾಗಿ ಕೆಡವಿದ ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. 2004ರಲ್ಲಿ ಬಂದ ಲಿಬರ್ಟಿ ಸೇತುವೆ ಪಾದಚಾರಿಗಳದ್ದು: 345 ಅಡಿ ಉದ್ದ, ಬಿಲ್ಲಿನಂತೆ ಬಾಗಿದೆ, ಒಂದೇ ಬದಿಯ ಕೇಬಲ್ಲಿಗೆ ತೂಗಿದೆ. ಜಲಪಾತದ ಕಡೆ ಕಣ್ಣಿಗೆ ಏನೂ ಅಡ್ಡ ಬರುವುದಿಲ್ಲ.

ಸಭೆಯಲ್ಲಿ ಮೊದಲು ನನ್ನ ತಪ್ಪನ್ನು ಹೇಳಿದೆ, ಬಳಿಕ ಆ ಚಿತ್ರಗಳನ್ನು ತೋರಿಸಿದೆ. ಮಾಲೀಕರು ಕೇಳಿದ್ದು ಒಂದೇ: "ಎಷ್ಟು ನಿವೇಶನ ಹೋಗುತ್ತದೆ?" ಎರಡು ಎಂದೆ. ಅವರು ಸುಮ್ಮನಾದರು. ಮರುದಿನ ಮಳೆಯಲ್ಲೇ ಅವರನ್ನು ಕರೆದುಕೊಂಡು ಹೋದೆ. ಬಹಳ ಹೊತ್ತು ನಿಂತು ನೋಡಿದರು. ಹೊರಡುವಾಗ ಎದುರಿನ ದಿಣ್ಣೆಗೆ ಬೆರಳು ಮಾಡಿ, ಅಲ್ಲೊಂದು ಕಲ್ಲುಬೆಂಚು ಹಾಕಬಹುದೇ ಎಂದು ಕೇಳಿದರು.